ಐದನೆಯ ಕುರ್ಚಿ

ತೊಂದರೆ ಶುರುವಾದದ್ದು ಒಂದು ಖಾಲಿ ಚೌಕದಿಂದ.

ಬೆಳಿಗ್ಗೆ ಎಂಟೂವರೆಗೆ ಕಡಿಯಾಳಿಯ ಬಾಡಿಗೆ ಕೋಣೆಯಲ್ಲಿ ಜಿತೇಶ್ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಾಗ, ಮಣಿಪಾಲದ ಕಚೇರಿಯಿಂದ ಲವೀನಾ ಮೇಡಂ ಅವರ ಸಂದೇಶ ಬಂತು. ‘ಪಟ್ಟಿಯಲ್ಲಿ ಐದನೆಯವರ ಫೋನ್ ನಂಬರಿನ ಚೌಕ ಖಾಲಿ ಇದೆ. ಸಂಜೆಯ ಸಭೆಯ ಮೊದಲು ತುಂಬಿಸಿ.’

ತುಂಬಿಸದೆ ಉಪಾಯವಿರಲಿಲ್ಲ. ಅಂದಿನ ಸಭೆ ಅವನ ಪಾಲಿಗೆ ಪರೀಕ್ಷೆಯ ಕೊನೆಯ ಪೇಪರಿನ ಹಾಗಿತ್ತು.

ಕಾಪುವಿನಿಂದ ಆರು ಕಿಲೋಮೀಟರ್ ಒಳಗೆ ಹೋದರೆ ನಡಿಕುದ್ರು ಎಂಬ ಊರು. ಅಲ್ಲಿ ಹೊಳೆಗೆ ಅಡ್ಡವಾಗಿ ಹತ್ತು ಕಿಂಡಿಗಳ ಒಂದು ಸಣ್ಣ ಅಣೆಕಟ್ಟು. ಮಳೆಗಾಲ ಕಳೆದ ಮೇಲೆ ಪ್ರತಿ ಕಿಂಡಿಗೂ ಒಂದರ ಮೇಲೊಂದು ಎಂಟರವರೆಗೆ ಮರದ ಹಲಗೆ ಇಳಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿಸಬೇಕು. ಆಗ ಮೇಲಿನ ಸಿಹಿನೀರು ನಿಲ್ಲುತ್ತದೆ, ಸಮುದ್ರದ ಉಪ್ಪುನೀರು ಒಳಗೆ ಬರುವುದಿಲ್ಲ. ಹಲಗೆ ಇಳಿಸುವುದು ಒಂದು ಸಂಜೆಯ ಕೆಲಸ. ಇಳಿಸಬೇಕೋ ಬೇಡವೋ ಎಂಬ ಮಾತು ಎರಡು ವರ್ಷದಿಂದ ನಡೆಯುತ್ತಿತ್ತು. ಐದು ಕಡೆಯವರನ್ನು ಒಟ್ಟಿಗೆ ಕೂರಿಸಿ ಒಪ್ಪಿಸುವುದೇ ಮಣಿಪಾಲದ ಸಂಸ್ಥೆ ಜಿತೇಶನಿಗೆ ಕೊಟ್ಟ ತಾತ್ಕಾಲಿಕ ಕೆಲಸ.

ಗದ್ದೆ ಮತ್ತು ಬಾವಿ ಇರುವವರ ಪರವಾಗಿ ವಿಠಲಣ್ಣ, ಹಲಗೆ ಈಗಲೇ ಬೇಕು ಎನ್ನುತ್ತಿದ್ದರು. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಮಾರುವವರ ಪರವಾಗಿ ಎಲಿಜಬೆತ್ ಬಾಯಿ, ಸಿಹಿನೀರಾದರೆ ಮರುವಾಯಿ ಸಾಯುತ್ತದೆ, ಹಲಗೆಯೇ ಬೇಡ ಎನ್ನುತ್ತಿದ್ದರು. ಹೋಂಸ್ಟೇಯ ಹೆರಾಲ್ಡ್‌ಗೆ ಪ್ರವಾಸಿಗರ ದೋಣಿ ತೇಲಿಸಲು ಎಂಟೂ ಹಲಗೆಯ ಎತ್ತರ ನೀರು ಬೇಕಿತ್ತು. ಅಷ್ಟು ನೀರು ನಿಂತರೆ ದಡದ ಕೂಲಿ ಶೆಡ್ಡುಗಳೊಳಗೆ ಬರುತ್ತದೆ. ಅಲ್ಲಿಯವರ ಪರವಾಗಿ ಮಾತಾಡುವವಳು ಬಾಗಲಕೋಟೆಯ ಕಡೆಯಿಂದ ಬಂದ ರಾಚವ್ವ. ಐದನೆಯವರು ಮೂಡುದಡದ ಜಾಗದ ಒಡತಿ ಅಪ್ಪಿಯಕ್ಕ. ಅಣೆಕಟ್ಟಿನ ಒಂದು ತುದಿ ಅವರ ಜಾಗದಲ್ಲೇ ಊರಿತ್ತು. ಅವರು ಮಾತ್ರ ಹನ್ನೊಂದು ಸಭೆಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು, ಪುಸ್ತಕ ಬಂದಾಗ ಹೆಬ್ಬೆಟ್ಟು ಒತ್ತಿ, ಯಾವಾಗಲೋ ಎದ್ದು ಹೋಗುತ್ತಿದ್ದರು. ಜಿತೇಶನಿಗೆ ಐವರಲ್ಲಿ ಅತ್ಯಂತ ಇಷ್ಟವಾದವರು ಅವರೇ.

ಮೊದಲ ಸಭೆಯ ದಿನ ಲವೀನಾ ಮೇಡಂ ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಸಂಬಂಧಪಟ್ಟ ಎಲ್ಲರೂ ಕೂರಬೇಕು. ಒಂದು ಕುರ್ಚಿ ಖಾಲಿ ಇದ್ದರೂ ನಿರ್ಣಯವಿಲ್ಲ.

ಅಂದು ಅಮಾವಾಸ್ಯೆ. ರಾತ್ರಿಯ ಭರತಕ್ಕೆ ಉಪ್ಪುನೀರು ಮೇಲೇರುವ ಮೊದಲು ಐವರೂ ಒಪ್ಪಿದರೆ ಪ್ರಾಜೆಕ್ಟ್ ಗೆದ್ದ ಹಾಗೆ. ಜಿತೇಶನಿಗೆ ಮಣಿಪಾಲದಲ್ಲಿ ಖಾಯಂ ಕೆಲಸ. ನೇಮಕಾತಿ ಪತ್ರ ಆಗಲೇ ಟೈಪಾಗಿ ಮೇಡಂ ಮೇಜಿನ ಮೇಲೆ ಕೂತಿತ್ತು, ಸಹಿಯೊಂದು ಬಾಕಿ. ಒಪ್ಪದಿದ್ದರೆ ಪ್ರಾಜೆಕ್ಟಿನ ಜೊತೆ ಅವನೂ ಮುಗಿದ. ಮೂವತ್ತೆರಡನೆಯ ವಯಸ್ಸಿಗೆ ಅವನು ಇಂಥ ಐದು ಪ್ರಾಜೆಕ್ಟುಗಳನ್ನು ಕಂಡಿದ್ದ. ಐದೂ ‘ಯಶಸ್ವಿಯಾಗಿ ಮುಕ್ತಾಯಗೊಂಡು’ ಅವನನ್ನು ಕಾರ್ಕಳಕ್ಕೆ, ಅಮ್ಮನ ಮನೆಗೆ, ದೇವಸ್ಥಾನಕ್ಕೆ ಹೊತ್ತು ತರುವ ಹೊರೆಕಾಣಿಕೆಯ ಹಾಗೆ ತಲುಪಿಸಿದ್ದವು.

ಅವನು ನಡಿಕುದ್ರು ತಲುಪಿದಾಗ ವಿಠಲಣ್ಣ ಬಾವಿಕಟ್ಟೆಯಲ್ಲಿ ನಿಂತು ಬಾಯಿಗೆ ನೀರು ಹಾಕಿಕೊಂಡು ರುಚಿ ನೋಡುತ್ತಿದ್ದರು. ಉಪ್ಪು ಬಂತೇ ಎಂದು ದಿನಾ ಬೆಳಿಗ್ಗೆ ನೋಡುವುದು ಅವರ ಅಭ್ಯಾಸ.

“ವಿಠಲಣ್ಣ, ಅಪ್ಪಿಯಕ್ಕನ ಫೋನ್ ನಂಬರ್ ಉಂಟಾ?”

ವಿಠಲಣ್ಣ ನೀರನ್ನು ಬಾಯಲ್ಲೇ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಉಗಿದರು.

“ಅವರಿಗೆ ಎಂತಕ್ಕೆ ಫೋನ್ ಮಾರಾಯ್ರೆ? ಸತ್ತು ಆರು ವರ್ಷ ಆಯ್ತಲ್ಲ.”

ಜಿತೇಶ್ ನಕ್ಕ. ವಿಠಲಣ್ಣ ನಗಲಿಲ್ಲ. ಜಿತೇಶ್ ಚೀಲದಿಂದ ಹಾಜರಿ ಪುಸ್ತಕ ತೆಗೆದು, ಸಾಲಾಗಿ ಹನ್ನೊಂದು ನೀಲಿ ಹೆಬ್ಬೆಟ್ಟುಗಳನ್ನು ತೋರಿಸಿದ.

“ಮತ್ತೆ ಇದು ಯಾರದ್ದು?”

“ಅವರದ್ದೇ. ಅಡ್ಡ ಗೆರೆ ಉಂಟಲ್ಲ, ಮರುವಾಯಿಯ ಚಿಪ್ಪು ತಾಗಿದ ಗಾಯ.”

“ನೀವು ಅವರನ್ನು ನೋಡ್ತಿದ್ರಾ?”

“ನೋಡದೆ ಎಂತ? ನನ್ನ ಎದುರಿನ ಕುರ್ಚಿ ಅಲ್ವಾ?”

“ಹಾಗಾದ್ರೆ ನನಗೆ ಹೇಳ್ಲಿಕ್ಕೆ ಎಂತಾಗಿತ್ತು ನಿಮಗೆ!”

“ಕರೆದದ್ದು ನೀವು, ಬಂದದ್ದು ಅವರು. ನಡುವೆ ನಮ್ಮದೆಂತ ಮಾತು?” ವಿಠಲಣ್ಣ ಕೊಡಪಾನವನ್ನು ಕೆಳಗಿಟ್ಟರು. “ಸಂಬಂಧಪಟ್ಟ ಎಲ್ಲರೂ ಅಂತ ಬರೆದದ್ದು ಯಾರು? ಬದುಕಿದವರು ಮಾತ್ರ ಅಂತ ಬರೆದಿದ್ರಾ?”

ಜಿತೇಶನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಪಹಣಿ ನೋಡಿ ಐದನೆಯ ಹೆಸರು ಬರೆದುಕೊಂಡವನು ಅವನೇ. ಹಿರಿಯರನ್ನು ಬರಿಗೈಯಲ್ಲಿ ಕರೆಯಬಾರದು ಎಂದು ಯಾರೋ ಹೇಳಿದ್ದರಿಂದ ವೀಳ್ಯದೆಲೆ, ಅಡಿಕೆ ಕೊಂಡುಹೋಗಿದ್ದ. ಬಾಗಿಲು ಹಾಕಿತ್ತು. ಮೂರು ಸಲ ಹೆಸರು ಹಿಡಿದು ಕೂಗಿ, ಹೊಸ್ತಿಲಲ್ಲಿ ವೀಳ್ಯ ಇಟ್ಟು, ಬಾಗಿಲ ಸಂದಿನಿಂದ ಆಮಂತ್ರಣ ಒಳಗೆ ತಳ್ಳಿ ಬಂದಿದ್ದ. ಆಮೇಲೆ ಪ್ರತಿ ಸಭೆಯ ಲಕೋಟೆಯೂ, ಒಮ್ಮೆ ವರದಿಯೂ ಹಾಗೆಯೇ ಒಳಗೆ ಹೋಗಿತ್ತು.

“ಮುಚ್ಚಿದ ಮನೆಯ ಹೊಸ್ತಿಲಲ್ಲಿ ವೀಳ್ಯ ಇಟ್ಟು ಮೂರು ಸಲ ಹೆಸರು ಕರೆದ್ರೆ ಯಾರು ಬರ್ತಾರೆ ಮಾರಾಯ್ರೆ?” ಎಂದರು ವಿಠಲಣ್ಣ. “ಜಿಲ್ಲಾಧಿಕಾರಿಯಾ?”

ಜಿತೇಶ್ ಪಂಚಾಯತ್ ಅಭಿವೃದ್ಧಿ ಅಧಿಕಾರಿ ವಿಜೇತಾ ಅವರಿಗೆ ಫೋನ್ ಮಾಡಿದ. ಹೊಸದಾಗಿ ವರ್ಗವಾಗಿ ಬಂದವರು, ಯಾವ ಮಾತಿಗೂ ಮೊದಲು ಕಡತ ತೆರೆಯುವವರು. ವಿಷಯ ಕೇಳಿದ ಮೇಲೆ ಹಾಳೆ ಮಗುಚುವ ಸದ್ದಾಯಿತು.

“ಪಹಣಿಯಲ್ಲಿ ಹೆಸರು ಉಂಟಾ?”

“ಉಂಟು.”

“ಮರಣ ದಾಖಲೆ ನಮ್ಮಲ್ಲಿ ಇಲ್ಲ. ಮಾಡಿಸುವುದಕ್ಕೆ ಅವರ ಪೈಕಿ ಯಾರೂ ಬರಲಿಲ್ಲ ಕಾಣ್ತದೆ. ಹಾಗಾದ್ರೆ ಪಂಚಾಯತ್ ಪ್ರಕಾರ ಅವರು ಇದ್ದಾರೆ ಸರ್.”

“ಹೆಸರು ಹೊಡೆದು ಹಾಕಿದ್ರೆ?”

“ಹನ್ನೊಂದು ಸಭೆಗೂ ಕೋರಂ ಇರಲಿಲ್ಲ ಅಂತ ಆಗ್ತದೆ. ಮೊದಲಿನಿಂದ ಶುರು ಮಾಡ್ಬೇಕು.”

ಫೋನಿಟ್ಟ ಮರುಕ್ಷಣ ಲವೀನಾ ಮೇಡಂ ಅವರದ್ದೇ ಕರೆ. ಸಂಜೆ ಅವರು ಲ್ಯಾಪ್‌ಟಾಪಿನಲ್ಲೇ ಸಭೆಗೆ ಬರುವವರಿದ್ದರು.

“ಜಿತೇಶ್, ಐವರೂ ಬರ್ತಾರಲ್ಲ?”

“ಒಬ್ಬರಿಗೆ ಸ್ವಲ್ಪ ಹುಷಾರಿಲ್ಲ ಮೇಡಂ.”

“ಎಷ್ಟು ಹುಷಾರಿಲ್ಲ?”

“ಸ್ವಲ್ಪ ಜಾಸ್ತಿಯೇ.”

“ಹೇಗಾದರೂ ಕರ್ಕೊಂಡು ಬನ್ನಿ. ಇವತ್ತು ಹೆಬ್ಬೆಟ್ಟು ಸಾಲದು. ಪ್ರತಿಯೊಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು, ವಿಡಿಯೊ ಆಗಬೇಕು. ನಿಮ್ಮ ಪತ್ರ ಇಲ್ಲೇ ಉಂಟು, ನನ್ನ ಕೈಯಲ್ಲಿ ಪೆನ್ನೂ ಉಂಟು.”

ವಿಡಿಯೊ ಎಂಬ ಮಾತು ಕೇಳಿ ಅವನು ತನ್ನ ಮೊಬೈಲಿನಲ್ಲಿ ಹಳೆಯ ಸಭೆಗಳ ಫೋಟೊ ತೆರೆದ. ಹನ್ನೊಂದು ಫೋಟೊಗಳಲ್ಲೂ ಮೂಲೆಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಹನ್ನೊಂದರಲ್ಲೂ ಅದು ಖಾಲಿ ಇತ್ತು. ಫೋಟೊ ತೆಗೆದವನು ಅವನೇ. ತೆಗೆಯುವಾಗ ‘ಅಪ್ಪಿಯಕ್ಕ, ಸ್ವಲ್ಪ ಈಚೆ ನೋಡಿ’ ಎಂದು ಹೇಳಿದ್ದೂ ಅವನಿಗೆ ಚೆನ್ನಾಗಿ ನೆನಪಿತ್ತು.

ಬಿಸಿಲು ಚುರುಕಾಗಿದ್ದರೂ ಅವನು ಅಂಗಿಯ ತೋಳು ಇಳಿಸಿಕೊಂಡ.

ಒಂದೇ ದಾರಿ ಕಂಡಿತು. ಯಾರಾದರೊಬ್ಬ ಮುದುಕಿಯನ್ನು ತಂದು ಕೂರಿಸುವುದು. ಶೆಡ್ಡುಗಳ ಕಡೆ ಹೋದ. ರಾಚವ್ವ ಸಿಮೆಂಟ್ ಇಟ್ಟಿಗೆಗಳಿಗೆ ನೀರು ಹೊಡೆಯುತ್ತಿದ್ದಳು.

“ಯಾವುದಾದರೂ ಅಜ್ಜಿ ಸಿಗ್ತಾರಾ ರಾಚವ್ವ? ಹತ್ತು ನಿಮಿಷ ಕೂತು ‘ಒಪ್ಪಿಗೆ’ ಅಂದ್ರೆ ಸಾಕು.”

“ಯಾಕ್ರಿ ಸರ್ರ, ಆ ಮುದುಕವ್ವ ಬರಾಂಗಿಲ್ಲೇನು? ಪ್ರತಿ ಸಲ ನನ್ ಬಾಜೂಕ ಕುಂದರ್ತಾಳಲ್ರಿ.”

“ಅವರು ಸತ್ತು ಆರು ವರ್ಷ ಆಗಿದೆಯಂತೆ.”

ರಾಚವ್ವನ ಕೈಯ ಪೈಪು ಇಟ್ಟಿಗೆ ಬಿಟ್ಟು ಜಿತೇಶನ ಶೂಗಳ ಕಡೆ ತಿರುಗಿತು. ಅವಳಿಗೆ ಹೆದರಿಕೆ ಆದದ್ದು ಬೇರೆ ಕಾರಣಕ್ಕೆ.

“ಎವ್ವಾ! ಸಭ್ಯಾಗ ಚಾ ಜೋಡಿ ಕೊಟ್ಟ ಬನ್ಸ್ ಆಕಿ ತಿಂತಿದ್ದಿಲ್ರಿ. ಹಿಂಗ ನನ್ ಕಡೆ ಸರಿಸ್ತಿದ್ಳು. ಪಾಪ, ಹಲ್ಲಿಲ್ಲ ಮುದುಕಿಗೆ ಅಂತ ನಾ ತಿಂದೆನ್ರಿ. ಹನ್ನೊಂದು ಬನ್ಸ್! ಸತ್ತೋರ ಪಾಲು ತಿಂದೀನ್ರಿ ನಾ!”

“ಏನೂ ಆಗುವುದಿಲ್ಲ.”

“ನಿಮಗೇನ್ ಗೊತ್ರಿ? ನೀವು ತಿಂದೀರೇನು?” ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಆಕಿ ಸೀರಿ ಸೆರಗು ಯಾವಾಗ್ಲೂ ಹಸಿ ಇರ್ತಿತ್ತು. ನಾ ಕೇಳೇನಿ, ಯಾಕವ್ವ ಹಸಿ ಸೀರಿ ಉಟ್ಟೀ ಅಂತ. ಹೊಳೀ ಕಡೆ ಕೈ ಮಾಡಿ ತೋರಿಸಿದ್ಳು. ಆಕಿ ಕುರ್ಚಿ ಮ್ಯಾಲೆ ನಮ್ಮವ್ರ್ಯಾರೂ ಕುಂದ್ರಂಗಿಲ್ಲ ನೋಡ್ರಿ. ನೀವ ಕುಂದರ್ರಿ.”

ಅಷ್ಟರಲ್ಲಿ ಸುದ್ದಿ ಜಿತೇಶನಿಗಿಂತ ವೇಗವಾಗಿ ಊರು ಸುತ್ತಿತ್ತು. ಅವನು ಸೇತುವೆಯ ಬಳಿ ಬರುವಾಗ ಅಲ್ಲಿ ಎಲಿಜಬೆತ್ ಬಾಯಿ, ಹೆರಾಲ್ಡ್, ವಿಠಲಣ್ಣ ಮೂವರೂ ನಿಂತಿದ್ದರು. ಎರಡು ವರ್ಷದಲ್ಲಿ ಅವರು ಮೂವರೂ ಒಂದೇ ಕಡೆ ಮುಖ ಮಾಡಿ ನಿಂತದ್ದು ಅದೇ ಮೊದಲು. ಆ ಕಡೆ ಮೂಡುದಡದ ಮನೆ ಇತ್ತು.

“ಒಂದು ಫೋಟೊ ಇಡುವ,” ಎಂದ ಹೆರಾಲ್ಡ್. “ಹಾರ ಹಾಕದೆ. ದೂರದಿಂದ ವಿಡಿಯೊದಲ್ಲಿ ಗೊತ್ತಾಗ್ಲಿಕ್ಕಿಲ್ಲ.”

“ಫೋಟೊ ಮಾತಾಡ್ತದಾ ನಿನ್ನ ತಲೆ?” ಎಲಿಜಬೆತ್ ಬಾಯಿ ಗದರಿದರು. ಆಮೇಲೆ ದನಿ ತಗ್ಗಿಸಿ ಜಿತೇಶನಿಗೆ ಹೇಳಿದರು: “ಇಳಿತದ ಹೊತ್ತಿಗೆ ನಾನು ಮರುವಾಯಿ ಹೆಕ್ಕುವಾಗ ಒಮ್ಮೊಮ್ಮೆ ಬರ್ತಾಳೆ ಅಪ್ಪಿ. ನನ್ನಿಂದ ಸ್ವಲ್ಪ ದೂರದಲ್ಲಿ ಬಗ್ಗಿ ಹೆಕ್ತಾಳೆ. ಎಷ್ಟು ಹೆಕ್ಕಿದ್ರೂ ಅವಳ ಬುಟ್ಟಿ ತುಂಬುವುದಿಲ್ಲ. ನಾನು ನೋಡದ ಹಾಗೆ ಇರ್ತೇನೆ. ನೋಡಿದ್ರೆ ನಾಚಿಕೆ ಆಗ್ಬಹುದಲ್ಲ ಅವಳಿಗೆ.”

ಅವರು ಅದನ್ನು ನೆರೆಮನೆಯವಳ ಬಡತನದ ಬಗ್ಗೆ ಹೇಳುವ ಹಾಗೆ ಹೇಳಿದರು.

“ಈಗ ಒಂದೇ ಕೆಲಸ,” ಎಂದರು ವಿಠಲಣ್ಣ. “ಮರ್ಯಾದೆಯಿಂದ ಹೋಗಿ ಕರೆಯುವುದು. ಬಂದು ಮಾತಾಡ್ಬೇಕು ಅಂತ ಹೇಳುವುದು.”

ಮಧ್ಯಾಹ್ನದ ಭರತಕ್ಕೆ ಹೊಳೆ ದಡದವರೆಗೂ ತುಂಬಿತ್ತು. ಅಪ್ಪಿಯಕ್ಕನ ಮನೆಯ ಬೀಗಕ್ಕೆ ತುಕ್ಕು ಹಿಡಿದು ಅದು ಬಾಗಿಲಿನದೇ ಭಾಗವಾಗಿತ್ತು. ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ. ವಿಠಲಣ್ಣ ಹೊಸ್ತಿಲಲ್ಲಿ ಬಾಳೆಲೆ ಹಾಕಿ ವೀಳ್ಯ, ಎಳನೀರು ಇಡುವಾಗ ಜಿತೇಶ್ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಇಣುಕಿದ. ಬಾಗಿಲ ಸಂದಿನಿಂದ ತಾನು ತಳ್ಳಿದ ಲಕೋಟೆಗಳು ನೆಲದಲ್ಲಿ ರಾಶಿ ಬಿದ್ದಿರಬೇಕೆಂದು ಅವನ ಎಣಿಕೆ.

ನೆಲದಲ್ಲಿ ಏನೂ ಇರಲಿಲ್ಲ. ಗೋಡೆಯ ಬದಿಯ ಬೆಂಚಿನ ಮೇಲೆ ಅಂದಿನದೂ ಸೇರಿ ಹನ್ನೆರಡು ಲಕೋಟೆಗಳು ತಾರೀಕಿನ ಕ್ರಮದಲ್ಲಿದ್ದವು. ಎಲ್ಲವೂ ಒಡೆದಿದ್ದವು. ಪಕ್ಕದಲ್ಲಿ ಅವನು ಬರೆದ ಇಪ್ಪತ್ತೈದು ಪುಟದ ಮಧ್ಯಂತರ ವರದಿ. ಒಂಬತ್ತನೆಯ ಪುಟದ ಮೂಲೆ ಮಡಚಿತ್ತು.

ಅವನು ಸರಳುಗಳಿಂದ ಕೈ ತೆಗೆದ. ಆ ವರದಿಯನ್ನು ಮಣಿಪಾಲದಲ್ಲೂ ಯಾರೂ ಓದಿರಲಿಲ್ಲ. ಹೆದರಿಕೆಯ ನಡುವೆಯೇ ಅವನಿಗೆ, ಹೇಳಿಕೊಳ್ಳಲಾಗದ ಸಣ್ಣದೊಂದು ಸಂತೋಷವೂ ಆಯಿತು.

ವಿಠಲಣ್ಣ ಕರೆದರು. ಒಮ್ಮೆ, ಎರಡು ಸಲ, ಮೂರು ಸಲ. ಉತ್ತರವಾಗಿ ಎಂಥದ್ದೂ ಆಗಲಿಲ್ಲ. ಎಳನೀರಿನ ಮೇಲೆ ನೊಣವೂ ಕೂರಲಿಲ್ಲ.

“ಬರ್ತಾರೆ, ಆದರೆ ಬಾಯಿ ಇಲ್ಲ,” ಎಂದರು ವಿಠಲಣ್ಣ ಎದ್ದು ಮಂಡಿ ಉಜ್ಜಿಕೊಳ್ಳುತ್ತ. “ಮಾತಾಡ್ಬೇಕಾದ್ರೆ ಅವರ ಬಳಿಯವರು ಒಬ್ಬರು ಬೇಕು. ಬಳಿ ಅಂದ್ರೆ ಗೋತ್ರದ ಹಾಗೆ, ತಾಯಿಯ ಕಡೆಯಿಂದ ಬರುವುದು. ಅವರು ಕೂತ್ರೆ ಇವರು ಹೇಳ್ಬಹುದು. ಅಪ್ಪಿಯಕ್ಕನದ್ದು ಗುಜರನ್ ಬಳಿ. ಈ ಊರಲ್ಲಿ ಆ ಬಳಿಯವರು ಬೇರೆ ಯಾರೂ ಇಲ್ಲ.” ಆಮೇಲೆ ನಿಧಾನವಾಗಿ ತಿರುಗಿದರು. “ನಿಮ್ಮದು ಯಾವ ಬಳಿ?”

ಜಿತೇಶನಿಗೆ ಗೊತ್ತಿರಲಿಲ್ಲ. ನೀರಿನ ಉಪ್ಪಿನ ಅಂಶ ಮೂರು ದಶಮಾಂಶದವರೆಗೆ ಗೊತ್ತಿತ್ತು, ಬಳಿ ಗೊತ್ತಿರಲಿಲ್ಲ. ಕಾರ್ಕಳಕ್ಕೆ ಫೋನ್ ಮಾಡಿದ.

“ಅಮ್ಮ, ನಮ್ಮದು ಯಾವ ಬಳಿ?”

ಅತ್ತ ಕಡೆ ಒಂದು ಪಾತ್ರೆ ಕೆಳಗೆ ಬಿತ್ತು. “ಹುಡುಗಿ ಸಿಕ್ಕಿದಳಾ ಮಗಾ?”

“ಹುಡುಗಿ ಅಲ್ಲ, ಕೆಲಸದ ವಿಷಯ.”

“ಬಳಿ ಕೇಳುವ ಕೆಲಸ ಎಂಥದ್ದು? ಅವಳದ್ದು ಯಾವ ಬಳಿ, ಅದು ಹೇಳು ಮೊದಲು. ನಮ್ಮದು ಗುಜರನ್. ಅವಳದ್ದೂ ಅದೇ ಆದ್ರೆ ಅಕ್ಕ-ತಮ್ಮ ಆಗ್ತದೆ, ಬೇಡ. ಎಷ್ಟು ಪ್ರಾಯ?”

“ಬದುಕಿದ್ದರೆ ಎಂಬತ್ತು,” ಎಂದು ಹೇಳಿ ಜಿತೇಶ್ ಫೋನ್ ಇಟ್ಟ. ಸ್ಪೀಕರ್ ಹಾಕಬಾರದಿತ್ತು. ವಿಠಲಣ್ಣ, ಹೆರಾಲ್ಡ್, ಎಲಿಜಬೆತ್ ಬಾಯಿ ಮೂವರೂ ಅವನನ್ನು, ಬಹಳ ದಿನದಿಂದ ಹುಡುಕುತ್ತಿದ್ದ ಕೀಲಿಕೈ ತಮ್ಮದೇ ಜೇಬಿನಲ್ಲಿ ಸಿಕ್ಕವರ ಹಾಗೆ ನೋಡುತ್ತಿದ್ದರು.

ಸಭೆ ನಾಲ್ಕಕ್ಕೆ, ಯುವಕ ಮಂಡಲದ ಕಟ್ಟಡದಲ್ಲಿ. ಕೇರಂ ಬೋರ್ಡನ್ನು ಗೋಡೆಗೆ ಆನಿಸಿ, ಐದು ಕುರ್ಚಿಗಳನ್ನು ವೃತ್ತವಾಗಿ ಹಾಕಿ, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದಾಯಿತು. ಲ್ಯಾಪ್‌ಟಾಪಿನಲ್ಲಿ ಲವೀನಾ ಮೇಡಂ ಅವರ ಮುಖ ಮೂಡಿತು. ಒಬ್ಬರು ಬರಲಾಗದೆ ತಮ್ಮ ಕುಟುಂಬದವರನ್ನು ಕಳಿಸಿದ್ದಾರೆ ಎಂದು ವಿಜೇತಾ ಮೇಡಂ ವಿವರಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಟಿಪ್ಪಣಿ ಬರೆಯುವ ಕೆಲಸವನ್ನು ಜಿತೇಶ್ ಅವರಿಗೆ ವಹಿಸಿದ. ‘ಹತ್ತು ನಿಮಿಷ ಅಷ್ಟೆ. ಒಂದೇ ಶಬ್ದ ಹೇಳುವುದು, ಎದ್ದು ಬರುವುದು’ ಎಂದು ತನಗೆ ತಾನೇ ಹೇಳಿಕೊಂಡು ಮೂಲೆಯ ಕೆಂಪು ಕುರ್ಚಿಯಲ್ಲಿ ಕೂತ.

ಕುರ್ಚಿ ಒದ್ದೆಯಾಗಿತ್ತು.

ಅವನು ಥಟ್ಟನೆ ಏಳಲು ಹೋದ. ಪಕ್ಕದ ರಾಚವ್ವ ಅವನ ಮೊಣಕೈ ಹಿಡಿದು ಕೂರಿಸಿದಳು. “ಏಳಬ್ಯಾಡ್ರಿ ಸರ್ರ. ಬಂದಾಳ.”

ಎಂದಿನ ಜಗಳ ಶುರುವಾಯಿತು. ವಿಠಲಣ್ಣ ಬಾವಿ ಎಂದರು, ಎಲಿಜಬೆತ್ ಬಾಯಿ ಮರುವಾಯಿ ಎಂದರು, ಹೆರಾಲ್ಡ್ ಎಂಟು ಹಲಗೆ ಎಂದ, ರಾಚವ್ವ “ನೀವ ಬಂದು ನಮ್ ಶೆಡ್ನಾಗ ದೋಣಿ ಬಿಡ್ರಿ” ಎಂದಳು. ಹನ್ನೊಂದು ಸಭೆಗಳಲ್ಲಿ ಆಡಿದ್ದೇ ಮಾತು, ಅದೇ ಕ್ರಮದಲ್ಲಿ. ಜಿತೇಶನಿಗೆ ಅವು ದೂರ ಸರಿಯುತ್ತಿದ್ದ ಹಾಗೆ ಕೇಳಿದವು, ಬಾವಿಯೊಳಗೆ ಕೂತು ಮೇಲಿನವರ ಮಾತು ಕೇಳಿದ ಹಾಗೆ. ಪಾದದ ಸುತ್ತ ತಣ್ಣಗಾಯಿತು. ಆ ತಂಪು ಕಣಕಾಲಿಗೆ, ಮೊಣಕಾಲಿಗೆ ಏರಿತು.

“ಮೂಡುದಡದವರು?” ಎಂದು ವಿಜೇತಾ ಮೇಡಂ ಕೇಳಿದರು.

‘ಒಪ್ಪಿಗೆ’ ಎನ್ನಲು ಜಿತೇಶ್ ಬಾಯಿ ತೆರೆದ.

ಬಾಯಿ ಮುಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕಿಟಕಿಯ ಬಿಸಿಲು ಒಂದು ಗೇಣು ಸರಿದಿತ್ತು. ಎಲಿಜಬೆತ್ ಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬನ್ಸ್ ಇಟ್ಟ ತಟ್ಟೆ ಸುತ್ತು ಬರುತ್ತಿತ್ತು. ರಾಚವ್ವ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

“ನಾನು ಎಂತ ಹೇಳಿದೆ?” ಎಂದು ಅವನು ವಿಜೇತಾ ಮೇಡಂ ಅವರನ್ನು ಮೆಲ್ಲಗೆ ಕೇಳಿದ. ನಾಲಿಗೆಯ ಮೇಲೆ ಉಪ್ಪಿತ್ತು.

ಅವರು ಅವನನ್ನು ವಿಚಿತ್ರವಾಗಿ ನೋಡಿದರು. “ಆರು ನಿಮಿಷ ಮಾತಾಡಿದ್ರಲ್ಲ ಸರ್. ಅಚ್ಚ ತುಳುವಿನಲ್ಲಿ. ಅರ್ಧ ಶಬ್ದ ನನಗೇ ಅರ್ಥ ಆಗ್ಲಿಲ್ಲ, ವಿಠಲಣ್ಣ ಕನ್ನಡ ಮಾಡಿ ಹೇಳಿದ್ರು. ಎಲ್ಲಾ ಬರೆದಿದ್ದೇನೆ.”

ಅವನು ಓದಿದ. ಎಂಟು ಹಲಗೆ ಬೇಡ, ಐದು ಸಾಕು. ದೋಣಿ ತೇಲಲು ಅಷ್ಟು ನೀರು ಸಾಲುತ್ತದೆ, ಶೆಡ್ಡಿಗೆ ಏರುವುದಿಲ್ಲ. ತುಂಬಿಸುವ ಮಣ್ಣನ್ನು ಹಿಂದೆ ಪ್ರತಿವರ್ಷ ಶೆಡ್ಡುಗಳ ದಡದಿಂದ ಅಗೆದೇ ಆ ದಡ ತಗ್ಗಾದದ್ದು. ಇನ್ನು ಮುಂದೆ ನನ್ನ ಮನೆಯ ಹಿಂದಿನ ದಿಣ್ಣೆಯಿಂದ ಅಗೆಯಿರಿ. ಅಣೆಕಟ್ಟಿನ ಕೆಳಗೆ ನನ್ನ ಅಂಗಳದ ಮುಂದೆ ಬೇಕಾದಷ್ಟು ಮರುವಾಯಿ ಉಂಟು, ಅಲ್ಲಿ ಉಪ್ಪುನೀರು ಯಾವಾಗಲೂ ಇರುತ್ತದೆ; ಎಲಿಜಬೆತ್ ನನ್ನ ಅಂಗಳದ ದಾರಿಯಲ್ಲೇ ಇಳಿಯಲಿ, ನೋಡದ ಹಾಗೆ ಮಾಡುವುದು ಬೇಡ.

ಎರಡು ವರ್ಷ, ಹನ್ನೊಂದು ಸಭೆ, ನಾನೂರು ಬಣ್ಣದ ಚೀಟಿ ಅಂಟಿಸಿ ಸಿಗದ ಪರಿಹಾರ ಅರ್ಧ ಪುಟದಲ್ಲಿತ್ತು. ಕೆಳಗೆ ನಾಲ್ವರ ಸಹಿ ಬಿದ್ದಿತ್ತು. ಐದನೆಯ ಜಾಗದಲ್ಲಿ ಹೆಬ್ಬೆಟ್ಟು. ಜಿತೇಶ್ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. ಅದು ನೀಲಿಯಾಗಿತ್ತು. ಆದರೆ ಕಾಗದದ ಮೇಲಿನ ಗುರುತಿನಲ್ಲಿ ಅಡ್ಡ ಗೆರೆಯೊಂದಿತ್ತು, ಬೆರಳಿನಲ್ಲಿ ಇರಲಿಲ್ಲ.

ಏನಾದರಾಗಲಿ, ಕೆಲಸ ಆಯಿತು. ಅವನೊಳಗೆ ಒಂದು ನಗೆ ಏಳತೊಡಗಿತು. ಆಗ ಲ್ಯಾಪ್‌ಟಾಪ್ ಕರೆಯಿತು.

“ಅದ್ಭುತ, ಜಿತೇಶ್!” ಲವೀನಾ ಮೇಡಂ ಅವರ ಕನ್ನಡಕ ಹೊಳೆಯುತ್ತಿತ್ತು. “ಇಷ್ಟು ನಿಜವಾದ ಭಾಗವಹಿಸುವಿಕೆಯನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ಆ ಆರು ನಿಮಿಷವನ್ನು ಎಲ್ಲ ಕಡೆ ತೋರಿಸ್ತೇನೆ.”

“ಥ್ಯಾಂಕ್ಸ್ ಮೇಡಂ. ನನ್ನ ಪತ್ರ…”

“ಅದನ್ನೇ ಹೇಳಬೇಕಿತ್ತು.” ಅವರು ಕಾಗದವೊಂದನ್ನು ಕ್ಯಾಮೆರಾದ ಮುಂದಿನಿಂದ ಆಚೆ ಸರಿಸಿದರು. “ನೀವು ಆ ಜಾಗದ ಕುಟುಂಬದವರು ಅಂತ ನನಗೆ ಗೊತ್ತೇ ಇರಲಿಲ್ಲ. ಪಾಲುದಾರರಲ್ಲಿ ಒಬ್ಬರು ಸಂಸ್ಥೆಯ ನೌಕರರಾಗಿರುವಂತಿಲ್ಲ. ನಿಯಮ ಹದಿನಾಲ್ಕು.”

ಜಿತೇಶನಿಗೆ ಆ ನಿಯಮ ಗೊತ್ತಿತ್ತು. ಬರೆದವನು ಅವನೇ. ಚೆನ್ನಾಗಿ ಬರೆದಿದ್ದೀರಿ ಎಂದು ಮೇಡಂ ಅಂದು ಹೊಗಳಿದ್ದರು.

“ನಾನು ಅವರ ಕುಟುಂಬದವನಲ್ಲ ಮೇಡಂ, ಬಳಿ ಮಾತ್ರ ಒಂದು!”

“ಹಾಗಾದರೆ ಐದನೆಯವರ ಪರವಾಗಿ ಮಾತಾಡಿದ್ದು ಯಾರು?”

ಅವನು ಬಾಯಿ ತೆರೆದ. ನಾನಲ್ಲ ಎಂದರೆ ಕುರ್ಚಿ ಖಾಲಿ, ನಿರ್ಣಯವಿಲ್ಲ, ಪ್ರಾಜೆಕ್ಟ್ ಇಲ್ಲ, ಕೆಲಸವಿಲ್ಲ. ನಾನೇ ಎಂದರೆ ನಿರ್ಣಯ ಉಂಟು, ಪ್ರಾಜೆಕ್ಟ್ ಉಂಟು, ಕೆಲಸವಿಲ್ಲ. ನಾಲ್ಕು ಕುರ್ಚಿಗಳು ಅವನ ಮುಖವನ್ನೇ ನೋಡುತ್ತಿದ್ದವು. ವಿಠಲಣ್ಣ ಬೆಳಗಿನ ಬಾವಿನೀರನ್ನು ಇನ್ನೂ ಬಾಯಲ್ಲಿಟ್ಟುಕೊಂಡವರ ಹಾಗೆ ತುಟಿ ಬಿಗಿದಿದ್ದರು.

“ನಾನೇ,” ಎಂದ ಜಿತೇಶ್.

“ಬೇಜಾರು ಮಾಡ್ಕೊಬೇಡಿ. ಪ್ರಾಜೆಕ್ಟ್ ಯಶಸ್ವಿಯಾಗಿ ಮುಕ್ತಾಯಗೊಂಡಿದೆ.” ಪರದೆ ಕಪ್ಪಾಯಿತು.

“ಇನ್ನೊಂದು ಸಾಲು ಉಂಟು ಸರ್, ಪುಟದ ಹಿಂದೆ,” ಎಂದು ವಿಜೇತಾ ಮೇಡಂ ಸಂಕೋಚದಿಂದ ಹಾಳೆ ತಿರುಗಿಸಿದರು. “ನೀವು ಕೊನೆಗೆ ಹೇಳಿದ ಷರತ್ತು. ಎಲ್ಲರೂ ಒಪ್ಪಿ ಸಹಿ ಮಾಡಿದ್ದಾರೆ.”

ಅಲ್ಲಿ ಹೀಗಿತ್ತು: ‘ನನಗೆ ಇನ್ನು ಬಂದು ಹೋಗಿ ಮಾಡಲು ಆಗುವುದಿಲ್ಲ, ಕಾಲು ಸೋತಿದೆ. ಮನೆ, ದಿಣ್ಣೆ, ಅಂಗಳ ಈ ಹುಡುಗ ನೋಡಿಕೊಳ್ಳಲಿ. ಇವನು ಚೆನ್ನಾಗಿ ಬರೆಯುತ್ತಾನೆ.’

“ಇದಕ್ಕೆ ಸಂಬಳ…” ಎಂದು ಕೇಳಿದ ಜಿತೇಶ್, ಯಾರನ್ನೂ ನೋಡದೆ.

“ಸಭೆಗೆ ಬಂದವರಿಗೆ ಚಹಾ ಉಂಟಲ್ಲ ಮಾರಾಯ್ರೆ,” ಎಂದು ವಿಠಲಣ್ಣ ಅವನ ಬೆನ್ನು ತಟ್ಟಿದರು. “ಏಳಿ, ಏಳಿ. ಇಳಿತ ಆಗಿದೆ. ಕತ್ತಲಾಗುವ ಮೊದಲು ಹಲಗೆ ಇಳಿಸುವ. ಮೊದಲನೆಯ ಹಲಗೆ ಮೂಡುದಡದವರೇ ಇಡಬೇಕು, ಅದು ಇಲ್ಲಿನ ಕ್ರಮ.”

ಊರಿಗೆ ಊರೇ ಅಣೆಕಟ್ಟಿಗೆ ಇಳಿಯಿತು. ಹೆರಾಲ್ಡ್ ಹಲಗೆ ಹೊತ್ತ, ರಾಚವ್ವನ ಕಡೆಯವರು ಬುಟ್ಟಿ, ಗುದ್ದಲಿ ತಂದರು. ಹೊಳೆ ತಗ್ಗಿ ಕಪ್ಪಾಗಿ, ಕದಲದೆ ನಿಂತಿತ್ತು. ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಜಿತೇಶ್ ಶೂ ಬಿಚ್ಚಿ ದಡದಲ್ಲಿಟ್ಟು, ಪ್ಯಾಂಟು ಮಡಚಿ, ಹಲಗೆಯ ಒಂದು ತುದಿ ಹಿಡಿದ. ಅವನಿಗೆ ಈಜು ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಈ ಹೊಳೆಯನ್ನು ಅವನು ನಕ್ಷೆಯಲ್ಲಿ ಬಿಟ್ಟರೆ ಸೇತುವೆಯ ಮೇಲಿನಿಂದ ಮಾತ್ರ ನೋಡಿದ್ದ.

“ಜಾಗ್ರತೆ!” ಮೇಲಿನಿಂದ ವಿಠಲಣ್ಣ ಕೂಗಿದರು. “ಅಲ್ಲಿ ನೀರಿನ ಅಡಿಯಲ್ಲಿ ಹಳೆಯ ಕಲ್ಲಿನ ಮೆಟ್ಟಿಲು ಉಂಟು. ನಡುವೆ ಒಂದು ಮುರಿದಿದೆ, ಅಪ್ಪಿಯಕ್ಕ ಜಾರಿ ಹೋದದ್ದು ಅಲ್ಲೇ. ಎಷ್ಟನೆಯದ್ದು ಅಂತ ನಮಗೆ ಯಾರಿಗೂ ಗೊತ್ತಿಲ್ಲ!”

“ನಾಲ್ಕನೆಯದ್ದು,” ಎಂದ ಜಿತೇಶ್, ಮತ್ತು ಅದನ್ನು ದಾಟಿ ಐದನೆಯದರ ಮೇಲೆ ಕಾಲಿಟ್ಟ.